ಅಕ್ಕಿ ಚೀಲ ಸಾಕು, ಬೇಳೆ ತನ್ನಿ

ಮೊನ್ನೆ ಶ್ರಾವಣ ಸೋಮವಾರ ದಾನ ಬಂದ ಆಹಾರ ಕೂಡಿಟ್ಟು ಇಲ್ಲದವರಿಗೆ ಹಂಚುವ ವಿಜಯಪುರದ ಒಂದು ಫುಡ್ ಬ್ಯಾಂಕಿನ ಗೋದಾಮಿನ ಮುಂದೆ ಟೆಂಪೋ ಬಂದು ನಿಂತಿತು. ಇಳಿಸಿದ್ದೆಲ್ಲ ಅಕ್ಕಿ, 25 ಕೆಜಿಯ ಚೀಲಗಳು. ಒಳಗೆ ಆಗಲೇ ಅಕ್ಕಿಯ ಥಪ್ಪಿ ತೊಲೆ ಮುಟ್ಟಿತ್ತು. ಬೇಳೆ ಇಡುವ ಪೀಪಾಯಿ ಖಾಲಿ, ಎಣ್ಣೆ ಪಾಕೀಟಿನ ಕಪಾಟು ಖಾಲಿ, ಜೋಳ ಇನ್ನೆರಡು ಚೀಲ ಇದ್ದರೆ ಹೆಚ್ಚು. ಗೋದಾಮು ನೋಡಿಕೊಳ್ಳುವ ಹೆಣ್ಣುಮಗಳು "ಬ್ಯಾಳಿ ಏನರ ತಂದೀರೇನ್ರಿ?" ಎಂದು ಕೇಳಿದರೆ, ಅಕ್ಕಿ ತಂದವರು "ಅನ್ನದಾನ ದೊಡ್ಡದು ಅಕ್ಕಾರ, ಅಕ್ಕಿ ಕೊಟ್ರ ಪುಣ್ಯ ಬರ್ತದ" ಎಂದರು. ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡು ಹೋದರು.

ಅವರ ಮನಸ್ಸು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಸಿಟ್ಟು ಬರುತ್ತದೆ. ಜೋಳದ ಸೀಮೆಯಲ್ಲಿ, ಮನೆಮನೆಗೆ ಪಡಿತರ ಅಕ್ಕಿ ಬರುವ ಊರಿನಲ್ಲಿ, ಹಸಿದವರಿಗೆಂದು ಮತ್ತೆ ಮತ್ತೆ ಅಕ್ಕಿಯನ್ನೇ ಯಾಕೆ ತಂದು ಸುರಿಯುತ್ತೀರಿ? ಕೊಡುವ ಮೊದಲು ಒಂದು ಫೋನ್ ಮಾಡಿ "ಏನು ಬೇಕಾಗ್ಯಾದ್ರಿ?" ಎಂದು ಯಾಕೆ ಕೇಳುವುದಿಲ್ಲ?

ಲೆಕ್ಕ ನೋಡೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ, ಅಂತ್ಯೋದಯ ಕಾರ್ಡಿದ್ದರೆ ಮನೆಗೆ 35 ಕೆಜಿ. ಅದೇ ವರ್ಷ ಶುರುವಾದ ರಾಜ್ಯದ ಅನ್ನಭಾಗ್ಯದ ಪಾಲು ಬೇರೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಹೇಳುವ ತಟ್ಟೆಯಲ್ಲಿ 2000 ಕ್ಯಾಲೊರಿಗೆ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಇರಬೇಕು. ಅಂದರೆ ತಿಂಗಳಿಗೆ ಒಬ್ಬರಿಗೆ ಧಾನ್ಯ ಏಳೂವರೆ ಕೆಜಿ, ಬೇಳೆಕಾಳು ಎರಡೂವರೆ ಕೆಜಿ. ಹೊಲದಲ್ಲಿ ದುಡಿಯುವವರಿಗೆ ಇನ್ನೂ ಹೆಚ್ಚು. ಧಾನ್ಯದ ಬಹುಪಾಲು ಕಾರ್ಡಿನ ಮೇಲೆ ಬಂದುಬಿಡುತ್ತದೆ. ಬೇಳೆ ಬರಬೇಕಾದದ್ದು ಕಿರಾಣಿ ಅಂಗಡಿಯ ಉದ್ದರಿಯಿಂದ. ಉದ್ದರಿ ತೀರದಿದ್ದಾಗ ಅಂಗಡಿಯವನು ಮೊದಲು ನಿಲ್ಲಿಸುವುದೂ ಬೇಳೆ-ಎಣ್ಣೆಯನ್ನೇ, ಏಕೆಂದರೆ ಅವುಗಳ ದರವೇ ಹೆಚ್ಚು. ಹಸಿವು ಕೂತಿರುವುದು ಅಲ್ಲಿ. ಬರೀ ಅನ್ನಕ್ಕೆ ಉಪ್ಪು-ಖಾರ ಕಲಸಿಕೊಂಡು ಉಂಡವರ ಹೊಟ್ಟೆ ತುಂಬಿರುತ್ತದೆ, ಮೈಯಲ್ಲಿ ಕಸುವು ಇರುವುದಿಲ್ಲ.

ಹೆಚ್ಚಾದ ಅಕ್ಕಿ ಏನಾಗುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬೈಕಿನ ಮೇಲೆ ತಕ್ಕಡಿ ಇಟ್ಟುಕೊಂಡು ಓಣಿ ಓಣಿ ತಿರುಗುವವರಿಗೆ ಅಗ್ಗದ ದರಕ್ಕೆ ಹೋಗುತ್ತದೆ. ಪಡಿತರ ಅಕ್ಕಿ ಮಾರುವುದು ಕಾನೂನಿಗೆ ವಿರುದ್ಧ. ಆದರೆ ಹಾಗೆ ಮಾರಿದ ಬಡ ಮನೆಯ ಹೆಣ್ಣುಮಗಳು ಆ ರೊಕ್ಕದಲ್ಲಿ ತಂದದ್ದು ಕಾಲು ಕೆಜಿ ತೊಗರಿಬೇಳೆ, ಒಂದು ಸಣ್ಣ ಎಣ್ಣೆ ಪಾಕೀಟು. "ಬಡವರು ಅಕ್ಕಿ ಮಾರ್ಕೋತಾರ" ಎಂದು ಬೈಯುವವರು, ಆಕೆ ಏನು ಕೊಂಡಳು ಎಂಬುದನ್ನೂ ನೋಡಬೇಕು. ಫುಡ್ ಬ್ಯಾಂಕ್ ಕೂಡ ಅಕ್ಕಿಯನ್ನೇ ಕೊಟ್ಟರೆ ಆಕೆಯನ್ನು ಮತ್ತೆ ಅದೇ ತಕ್ಕಡಿಯವನ ಮುಂದೆ ನಿಲ್ಲಿಸಿದಂತಾಯಿತು.

ಈ ತೊಂದರೆ ನಮ್ಮದಷ್ಟೇ ಅಲ್ಲ. ಫುಡ್ ಬ್ಯಾಂಕ್ ಎಂಬ ವ್ಯವಸ್ಥೆ ಶುರುವಾದದ್ದು 1967ರಲ್ಲಿ, ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ, ಜಾನ್ ವ್ಯಾನ್ ಹೆಂಗೆಲ್ ಎಂಬುವರಿಂದ. ಮುಂದೆ ಅದು ದೇಶದ ತುಂಬ ಹಬ್ಬಿತು. ದಾನ ಬಂದ ಆಹಾರವನ್ನು ಮೇಲಿನಿಂದ ಸರದಿಯ ಪ್ರಕಾರ ಒಂದೊಂದು ಪ್ರದೇಶಕ್ಕೆ ಕಳಿಸುತ್ತಿದ್ದರು. ಆಲೂಗಡ್ಡೆಗೆ ಹೆಸರಾದ ಐಡಾಹೊ ರಾಜ್ಯಕ್ಕೇ ಆಲೂಗಡ್ಡೆಯ ಲೋಡು ಹೋಗುತ್ತಿತ್ತು! 2005ರಲ್ಲಿ ಅಲ್ಲಿಯ ಫುಡ್ ಬ್ಯಾಂಕುಗಳ ಒಕ್ಕೂಟ, ಈಗ ಅದರ ಹೆಸರು ಫೀಡಿಂಗ್ ಅಮೆರಿಕ, ಆ ಪದ್ಧತಿ ಬಿಟ್ಟಿತು. ಪ್ರತಿ ಪ್ರಾದೇಶಿಕ ಫುಡ್ ಬ್ಯಾಂಕಿಗೆ ಅಲ್ಲಿಯ ಅಗತ್ಯ ನೋಡಿ ಅಂಕಗಳನ್ನು ಕೊಟ್ಟು, ತನಗೆ ಬೇಕಾದ ಮಾಲನ್ನು ಆ ಅಂಕಗಳಿಂದಲೇ ಸವಾಲು ಕೂಗಿ ಪಡೆಯುವ ಏರ್ಪಾಡು ಮಾಡಿತು. ಯಾರಿಗೆ ಏನು ಬೇಕು ಎಂಬುದು ಅಲ್ಲಿದ್ದವರಿಗೇ ಗೊತ್ತು ಎಂದು ಒಪ್ಪಿಕೊಂಡ ಮೇಲೆ ಆಹಾರ ಸರಿಯಾದ ಕಡೆ ಹರಿಯಿತು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳಿಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ಕೇಳಿ ಕೊಟ್ಟರೆ ಸಾಕು.

ಹಾಗಾದರೆ ಏನು ಕೊಡಬೇಕು? ಮಕ್ಕಳು ಗೋವಾಕ್ಕೋ, ಪುಣೆಗೋ, ಬೆಂಗಳೂರಿಗೋ ಗುಳೆ ಹೋಗಿ, ಊರಲ್ಲಿ ಉಳಿದ ಇಬ್ಬರು ವಯಸ್ಸಾದವರ ಮನೆ ಇಟ್ಟುಕೊಳ್ಳಿ. ಕಾರ್ಡು ನಡೆಯುತ್ತಿದೆ, ಅಕ್ಕಿ ಬರುತ್ತಿದೆ. ಒಂದು ಹೊತ್ತು ಅನ್ನ, ಒಂದು ಹೊತ್ತು ರೊಟ್ಟಿ ಎಂದರೆ ತಲೆಗೊಂದರಂತೆ ದಿನಕ್ಕೆ ಎರಡು ರೊಟ್ಟಿ, ತಿಂಗಳಿಗೆ ಅರವತ್ತು. ಒಂದು ಕೆಜಿ ಹಿಟ್ಟಿಗೆ ಹತ್ತು-ಹನ್ನೆರಡು ರೊಟ್ಟಿ ಆಗುತ್ತವೆ, ಹಾಗಾಗಿ ಜೋಳ 5 ಕೆಜಿ. ತೊಗರಿಬೇಳೆ 2 ಕೆಜಿ, ಹೆಸರುಬೇಳೆ 1 ಕೆಜಿ. ಎಣ್ಣೆ 1 ಲೀಟರ್, ಶೇಂಗಾ ಅರ್ಧ ಕೆಜಿ, ಬೆಲ್ಲ 1 ಕೆಜಿ, ಉಪ್ಪು 1 ಕೆಜಿ, ಖಾರಪುಡಿ 200 ಗ್ರಾಂ, ಚಹಾಪುಡಿ ಕಾಲು ಕೆಜಿ. ಎಲ್ಲ ಸೇರಿ ಸುಮಾರು 12 ಕೆಜಿ. ಇಷ್ಟು ಕೊಟ್ಟರೂ ಇಬ್ಬರಿಗೆ ಬೇಕಾದ ಬೇಳೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಕೊಟ್ಟಂತಾಗುತ್ತದೆ. ಇದರಲ್ಲಿ ಅಕ್ಕಿ ಒಂದು ಕಾಳೂ ಇಲ್ಲ ಎಂಬುದನ್ನು ಗಮನಿಸಿ.

ಈ ಪಟ್ಟಿಯನ್ನೂ ಕಣ್ಣು ಮುಚ್ಚಿ ಎಲ್ಲರಿಗೂ ಒಂದೇ ರೀತಿ ಕಟ್ಟಬಾರದು. ಮೊದಲು ಕೇಳಬೇಕಾದದ್ದು ಮನೆಯಲ್ಲಿ ಕುಕ್ಕರ್ ಇದೆಯೇ ಎಂದು. ಇಲ್ಲದಿದ್ದರೆ ತೊಗರಿಬೇಳೆ ಬೇಯಿಸುವಷ್ಟರಲ್ಲಿ ಗ್ಯಾಸೋ ಕಟ್ಟಿಗೆಯೋ ಖರ್ಚಾಗಿಬಿಡುತ್ತದೆ. ಅಂಥವರಿಗೆ ಹೆಸರುಬೇಳೆ, ಮಸೂರಬೇಳೆ ಹೆಚ್ಚು ಕೊಟ್ಟು ತೊಗರಿ ಕಡಿಮೆ ಮಾಡಬೇಕು. ಎರಡನೆಯದು ಹಲ್ಲು. ಹಲ್ಲಿಲ್ಲದವರಿಗೆ ಇಡೀ ಜೋಳದ ಬದಲು ಜೋಳದ ನುಚ್ಚು ಕೊಟ್ಟರೆ ಮಜ್ಜಿಗೆ ಹಾಕಿಕೊಂಡು ಉಣ್ಣುತ್ತಾರೆ. ಮೂರನೆಯದು ಗಿರಣಿ ಎಷ್ಟು ದೂರ ಎಂಬುದು. ಜೋಳ ತಿಂಗಳುಗಟ್ಟಲೆ ಕೆಡುವುದಿಲ್ಲ, ಆದರೆ ಬೀಸಿದ ಹಿಟ್ಟು ಹಾಗಲ್ಲ. ಅದರಲ್ಲಿರುವ ಕೊಬ್ಬಿನಂಶ ಗಾಳಿಗೆ ಸಿಕ್ಕು ಕೆಲವೇ ವಾರಗಳಲ್ಲಿ ಕಹಿಯಾಗುತ್ತದೆ, ಜಿಗಿ ಹೋಗಿ ಬಡಿಯುವಾಗ ರೊಟ್ಟಿ ಹರಿಯುತ್ತದೆ. ಅದಕ್ಕೆ ಹಿಟ್ಟು ಕೊಡುವುದಾದರೆ ಹದಿನೈದು ದಿನಕ್ಕೊಮ್ಮೆ ಎರಡೂವರೆ ಕೆಜಿ ಕೊಡಬೇಕು. ಓಣಿಯ ಗಿರಣಿಯವರ ಜೊತೆ ಮಾತಾಡಿ ಬೀಸುವ ಕೂಲಿಯನ್ನು ಫುಡ್ ಬ್ಯಾಂಕೇ ಕೊಟ್ಟುಬಿಟ್ಟರೆ ಇನ್ನೂ ಒಳ್ಳೆಯದು. ಜೋಳ ಕೊಳ್ಳುವಾಗ ಹಿಂಗಾರಿಯ ಬಿಳಿ ಜೋಳ, ಮಾಲದಂಡಿ ಸಿಕ್ಕರೆ ಅದೇ ಬೇಕು. ಮುಂಗಾರಿಯ ಹೈಬ್ರೀಡ್ ಅಗ್ಗ ಎಂದು ತಂದರೆ ರೊಟ್ಟಿ ಚೆನ್ನಾಗಿ ಬರುವುದಿಲ್ಲ. ಬಡವರಿಗೆ ಇಷ್ಟು ಸಾಕು ಎಂಬ ಮಾತು ಈ ವಿಷಯದಲ್ಲಿ ನನಗೆ ಸಹಿಸಲಾಗದು. ರೊಟ್ಟಿ ತಿಂದು ಬೆಳೆದವರಿಗೆ ಯಾವ ಜೋಳ ಎಂದು ಮೊದಲ ತುತ್ತಿಗೇ ಗೊತ್ತಾಗುತ್ತದೆ.

ಒಲೆಯೇ ಇಲ್ಲದವರೂ ಇದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಮಲಗುವವರು, ಜಿಲ್ಲಾಸ್ಪತ್ರೆಯಲ್ಲಿ ರೋಗಿಯ ಜೊತೆ ಬಂದು ವರಾಂಡದಲ್ಲಿ ಉಳಿದವರು. ಅವರಿಗೆ 25 ಕೆಜಿ ಅಕ್ಕಿ ಚೀಲದಿಂದ ಏನು ಉಪಯೋಗ? ಇಲ್ಲಿ ನಮ್ಮ ಕಡಕ್ ರೊಟ್ಟಿಗೆ ಸಮನಾದದ್ದು ಇಲ್ಲ. ಐದು ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಅಥವಾ ಅಗಸಿ ಹಿಂಡಿ, ಒಂದು ಉಳ್ಳಾಗಡ್ಡಿ. ಬೇಯಿಸುವ ಹಂಗಿಲ್ಲ, ಹಳಸುವ ಭಯವಿಲ್ಲ. ಮಹಿಳಾ ಸ್ವಸಹಾಯ ಸಂಘಗಳಿಂದ ಕೊಂಡರೆ ಅವರಿಗೂ ಕೆಲಸ. ರೊಟ್ಟಿ ಪೂರ್ತಿ ಆರುವ ಮೊದಲು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಚೆನ್ನಾಗಿ ಆರಿದ ಮೇಲೆ ಕಾಗದ, ಅದರ ಮೇಲೆ ಬಟ್ಟೆ. ಮಳೆಗಾಲದಲ್ಲಿ ಮೆತ್ತಗಾದ ರೊಟ್ಟಿಯನ್ನು ಹಂಚಿನ ಮೇಲೆ ಮತ್ತೊಮ್ಮೆ ಬಿಸಿ ಮಾಡಿ ಗಟ್ಟಿ ಮಾಡಬಹುದು, ಬೂಷ್ಟು ಕಂಡರೆ ಮಾತ್ರ ಎಸೆಯಲೇಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ಬೆಳಗಾವಿ-ಬಾಗಲಕೋಟೆಯ ನೂರಾರು ಊರುಗಳಲ್ಲಿ ಒಲೆಗಳು ನೀರಿನಲ್ಲಿದ್ದವು. ಅಂಥ ದಿನಗಳಲ್ಲಿ ಹಸಿ ಅಕ್ಕಿ ಕೊಟ್ಟರೆ ತಗೊಂಡವರು ಎಲ್ಲಿ ಬೇಯಿಸಬೇಕು? ಕೈಗೆ ಕೊಟ್ಟ ತಕ್ಷಣ ತಿನ್ನಬಹುದಾದದ್ದು ರೊಟ್ಟಿ.

"ಹಂಗಾದ್ರ ಬೇಯಿಸಿದ ಅನ್ನಾನ ತರ್ತೀವಿ" ಎನ್ನುವವರಿಗೂ ಒಂದು ಮಾತು. ಮದುವೆ ಮನೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಬೆಂದ ಅನ್ನ, ನಾಲ್ಕರ ತನಕ ಬಡಿಸಿ, ಮಂಟಪ ಖಾಲಿ ಮಾಡುವಾಗ ಆರು ಗಂಟೆಗೆ ಫೋನ್ ಬರುತ್ತದೆ. ಅಷ್ಟರಲ್ಲಿ ಏಳು ತಾಸು ಆಗಿಹೋಗಿರುತ್ತದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಉಳಿದಷ್ಟು ಹೊತ್ತು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆ ಬರದಿದ್ದರೂ ವಾಂತಿ ಆಗಬಹುದು. ಅನ್ನ-ಸಾರು 60 ಡಿಗ್ರಿಗಿಂತ ಮೇಲೆ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ಕೆಳಗೆ ತಣ್ಣಗಿರಬೇಕು. ನಡುವಿನ ಉಷ್ಣತೆಯಲ್ಲಿ ಎರಡು ತಾಸು ಮೀರಿದ್ದನ್ನು ತೆಗೆದುಕೊಳ್ಳಬಾರದು. ಬಡಿಸುವ ಕಡೆ ತಂದ ಬಕೆಟ್ಟಿನದು ಬೇಡ, ಅಡುಗೆಮನೆಯಲ್ಲಿ ಮುಚ್ಚಿಟ್ಟ ಪಾತ್ರೆಯದು ಮಾತ್ರ. ಮೊಸರನ್ನ, ಹಸಿ ಕೊಬ್ಬರಿ ಚಟ್ನಿ, ಹಾಲು ಹಾಕಿದ ಹುಗ್ಗಿ ಬೇಡವೇ ಬೇಡ. ಬುಂದಿ ಲಾಡು, ಮಾದಲಿ, ಕಡಕ್ ರೊಟ್ಟಿ, ಒಣ ಹಿಂಡಿ ಇದ್ದರೆ ಖಂಡಿತ ಕೊಡಿ. ಉಳಿದ ಆಹಾರದ ಹಂಚಿಕೆಗೆಂದೇ ಆಹಾರ ಸುರಕ್ಷತಾ ಪ್ರಾಧಿಕಾರದ 2019ರ ನಿಯಮಾವಳಿ ಇದೆ. ಅವಧಿ ಮೀರಿದ್ದನ್ನು ಹಂಚುವಂತಿಲ್ಲ, ಬಂದದ್ದರ-ಹೋದದ್ದರ ದಾಖಲೆ ಇಡಬೇಕು. ಮಂಟಪದವರು ಮಧ್ಯಾಹ್ನ ಒಂದು ಗಂಟೆಗೇ, ಎಲೆ ಎಷ್ಟು ಬಿದ್ದಿವೆ ಎಂದು ನೋಡಿ ಫೋನ್ ಮಾಡಿದರೆ ಎಲ್ಲ ಸರಿಹೋಗುತ್ತದೆ.

ಬೇಳೆ ಇಟ್ಟರೆ ಹುಳ ಬೀಳುತ್ತದೆ, ಅಕ್ಕಿಯೇ ಸುಲಭ ಎಂದು ಕೆಲವು ಗೋದಾಮಿನವರೂ ಹೇಳುತ್ತಾರೆ. ಅದು ಅಷ್ಟು ನಿಜವಲ್ಲ. ಕಾಳು ಕೊರೆಯುವ ಹುಳ ಮೊಟ್ಟೆ ಇಡುವುದು ಇಡೀ ಕಾಳಿನ ಮೇಲೆ, ಅಂದರೆ ಕಡಲೆ, ಹೆಸರು, ಅಲಸಂದಿ. ಒಡೆದ ಬೇಳೆಯಲ್ಲಿ ಅದರ ಕಾಟ ತೀರ ಕಡಿಮೆ. ಹಾಗಾಗಿ ಕಾಳಿಗಿಂತ ಬೇಳೆ ಇಟ್ಟುಕೊಳ್ಳುವುದು ಜಾಣತನ. ಚೀಲಗಳನ್ನು ನೆಲಕ್ಕೆ ತಾಗಿಸದೆ ಅರ್ಧ ಅಡಿ ಎತ್ತರದ ಹಲಗೆ ಮೇಲೆ, ಗೋಡೆಯಿಂದ ಒಂದೂವರೆ-ಎರಡು ಅಡಿ ದೂರ ಜೋಡಿಸಬೇಕು. ಗೋಡೆಗೆ ತಾಗಿದ ಚೀಲ ಮಳೆಗಾಲದಲ್ಲಿ ತೇವ ಹೀರಿ ಮುಗ್ಗು ಹಿಡಿಯುತ್ತದೆ, ಆ ಸಂದಿಯಲ್ಲೇ ಇಲಿ ಗೂಡು ಮಾಡುತ್ತದೆ. ಜೋಳ ಬಂದಾಗ ಪ್ರತಿ ಚೀಲದಿಂದ ನಾಲ್ಕು ಕಾಳು ಹಲ್ಲಿಗೆ ಕೊಟ್ಟು ನೋಡಿ. ಟಕ್ ಎಂದು ಒಡೆದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಎರಡು ದಿನ ಬಿಸಿಲು ಬೇಕು. ಚೀಲದ ಮೇಲೆ ಬಂದ ತಾರೀಖು ಬರೆದು, ಮೊದಲು ಬಂದದ್ದನ್ನು ಮೊದಲು ಹೊರಗೆ ಕಳಿಸಬೇಕು. ಹೊಸ ಚೀಲವನ್ನು ಹಳೆಯದರ ಮೇಲೆ ಹೇರುತ್ತಾ ಹೋದರೆ ತಳದ್ದು ವರ್ಷಗಟ್ಟಲೆ ಅಲ್ಲೇ ಕೂತು ನುಸಿ ಸಾಕುತ್ತದೆ. ಅಕ್ಕಿಯ ಥಪ್ಪಿಗೆ ಆಗುವುದು ಇದೇ. ಎಣ್ಣೆ ಪಾಕೀಟುಗಳನ್ನು ಧಾನ್ಯದ ಮೇಲೆ ಎಂದಿಗೂ ಇಡಬೇಡಿ, ಒಂದು ಸೋರಿದರೆ ಇಡೀ ಚೀಲ ಹಾಳು. ಖುಲ್ಲಾ ಎಣ್ಣೆ ತೆಗೆದುಕೊಳ್ಳಲೇಬೇಡಿ. ನುಸಿಗೆ ಒಣಗಿದ ಬೇವಿನ ಎಲೆ, ಬಿಸಿಲು, ಜರಡಿ ಸಾಕು. ಅಡತಿ ಅಂಗಡಿಯವರು ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಜನ ಇರುವ ಮನೆಗೆ ಅಂಟಿದ ಕೋಣೆಯಲ್ಲಿ ಇಡುವುದು ಜೀವಕ್ಕೆ ಅಪಾಯ. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಕೊಲ್ಲುತ್ತದೆ.

ಯಾರಿಗೆ ಕೊಡಬೇಕು ಎಂಬ ಪಟ್ಟಿ ಕಾರ್ಪೊರೇಟರ್ ಕೈಯಿಂದ ಬರಬಾರದು. ಗಿರಣಿಯವರನ್ನು ಕೇಳಿ. ವಾರಕ್ಕೊಮ್ಮೆ ಡಬ್ಬಿ ತರುತ್ತಿದ್ದ ಮನೆ ತಿಂಗಳಿಂದ ಬಂದಿಲ್ಲ ಎಂಬುದು ಅವರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಅಕ್ಕಾರು, ಕಿರಾಣಿ ಅಂಗಡಿಯವರು ಹೇಳುವ ಹೆಸರುಗಳು ಎರಡು ಕಡೆ ಕೂಡಿ ಬಂದರೆ ಆ ಮನೆ ಪಟ್ಟಿಗೆ ಸೇರಲಿ. ರಬಕವಿ-ಬನಹಟ್ಟಿ, ಗುಳೇದಗುಡ್ಡ, ಇಳಕಲ್ಲಿನಲ್ಲಿ ಮಗ್ಗಕ್ಕೆ ನೂಲು ಬಾರದ ವಾರಗಳಲ್ಲಿ ನೇಕಾರರ ಮನೆಗಳು, ಬೇರೆ ಆಸರೆ ಇಲ್ಲದ ಮಾಜಿ ದೇವದಾಸಿ ತಾಯಂದಿರು, ಕ್ಷಯ ರೋಗಿಗಳು. ಕ್ಷಯದವರಿಗೆ ಸರ್ಕಾರದ ಪೋಷಣೆ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ ₹500ರಿಂದ ₹1000 ಆಗಿದೆ. 2022ರಿಂದ ಇರುವ ನಿಕ್ಷಯ್ ಮಿತ್ರ ಏರ್ಪಾಡಿನಲ್ಲಿ ಫುಡ್ ಬ್ಯಾಂಕ್ ಹೆಸರು ಬರೆಸಿದರೆ ರೋಗಿಗೆ ತಿಂಗಳ ಆಹಾರ ಬುಟ್ಟಿ ಕೊಡಬಹುದು. ಆ ಬುಟ್ಟಿಗೆ ಸೂಚಿಸಿದ ಅಳತೆ ನೋಡಿ. ಧಾನ್ಯ 3 ಕೆಜಿ ಇದ್ದರೆ ಬೇಳೆ ಒಂದೂವರೆ ಕೆಜಿ. ಬಲ್ಲವರು ಬೇಳೆಗೆ ಕೊಟ್ಟ ಜಾಗ ಅದು.

ಇನ್ನು ನಿಜಕ್ಕೂ ಅಕ್ಕಿ ಸಿಗದವರು ಇದ್ದಾರಲ್ಲ ಎಂದರೆ, ಇದ್ದಾರೆ. ಕಾರ್ಡು ರದ್ದಾದವರು, ಇ-ಕೆವೈಸಿ ಆಗದವರು, ದುಡಿದು ದುಡಿದು ಬೆರಳಿನ ಗೆರೆ ಸವೆದು ಮಷಿನ್ನಿನಲ್ಲಿ ತಂಬ್ ಹಿಡಿಯದ ಆಯಿಗಳು. ಅವರಿಗೆ ಈ ತಿಂಗಳು ಅಕ್ಕಿ ಕೊಡಿ, ಸರಿ. ಆದರೆ ಅದರ ಜೊತೆ ಒಬ್ಬ ಹುಡುಗನನ್ನು ಕೊಟ್ಟು ಆಧಾರ್ ಕೇಂದ್ರಕ್ಕೆ ಕರೆದೊಯ್ದು ಬೆರಳಚ್ಚು ನವೀಕರಿಸಿ, ತಾಲೂಕಿನ ಆಹಾರ ಇಲಾಖೆಯಲ್ಲಿ ಕಾರ್ಡು ಸರಿಮಾಡಿಸಿ. ಒಂದು ಕಾರ್ಡು ಸರಿಯಾದರೆ ಪ್ರತಿ ತಿಂಗಳೂ ಧಾನ್ಯ ಬರುತ್ತದೆ, ನಿಮ್ಮ ಟೆಂಪೋ ಕಾಯಬೇಕಿಲ್ಲ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಗ್ಯಾಂಗಿನವರಿಗೆ, ಒಂದು ದೇಶ ಒಂದು ಪಡಿತರ ಚೀಟಿ ಪ್ರಕಾರ ಅಲ್ಲಿಯ ಅಂಗಡಿಯಲ್ಲೂ ಕೇಂದ್ರದ ಪಾಲು ತೆಗೆದುಕೊಳ್ಳಬಹುದು ಎಂದು ಹೊರಡುವ ಮೊದಲೇ ತಿಳಿಸುವುದೂ ಫುಡ್ ಬ್ಯಾಂಕಿನ ಕೆಲಸವೇ.

ಹೀಗೆಲ್ಲ ಹೇಳಿದರೆ ಬರುವ ಉತ್ತರ ಗೊತ್ತು: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಕೊಟ್ಟದ್ದನ್ನು ಸುಮ್ಮನೆ ತಗೊಳ್ಳಬೇಕು ಎಂದು. ಒಪ್ಪುವುದಿಲ್ಲ. ಮೊಳ ಹಾಕಲೇಬೇಕು. ದಟ್ಟಿ ಗಿಡ್ಡವಾದರೆ ಮಾನ ಹೋಗುವುದು ಉಟ್ಟವರದು. ಬೇಳೆ ಇಲ್ಲದ ಮನೆಗೆ ಅಕ್ಕಿ ಹೊತ್ತು ತಂದು, ಮೇಲೆ ಅವರೇ ನಿಮಗೆ ಕೈಮುಗಿಯಬೇಕು ಎಂದರೆ ಅದು ಯಾವ ದಾಸೋಹ? ಬಸವನ ಬಾಗೇವಾಡಿ, ಕೂಡಲಸಂಗಮ ಇರುವ ನೆಲ ಇದು. ದಾಸೋಹದಲ್ಲಿ ಕೊಡುವವನು ತಗೊಳ್ಳುವವನಿಗಿಂತ ಮೇಲಲ್ಲ ಎಂಬುದನ್ನು ನಮಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ.

ಇನ್ನೊಂದು ಮಾತೂ ಇದೆ, "ರೊಕ್ಕ ಕೊಟ್ರ ನುಂಗಿಬಿಡ್ತಾರ, ಅದಕ್ಕ ಅಕ್ಕಿ ಕೊಡ್ತೀವಿ" ಎಂದು. ಅನುಮಾನ ಇದ್ದರೆ ಫುಡ್ ಬ್ಯಾಂಕಿನವರ ಕೈಗೆ ರೊಕ್ಕ ಕೊಡಬೇಡಿ. ದಾಲ್ ಮಿಲ್ಲಿಗೆ ನೀವೇ ಕಟ್ಟಿ, ಬಿಲ್ಲು ನಿಮ್ಮ ಹೆಸರಿಗೆ ಬರಲಿ, ಮಾಲು ನೇರ ಗೋದಾಮಿಗೆ ಹೋಗಲಿ. ಒಂದು ಚೀಲ ಅಕ್ಕಿಯ ದರಕ್ಕೆ ಬರುವ ಬೇಳೆಯ ಚೀಲ ಸಣ್ಣದು, ಫೋಟೋದಲ್ಲಿ ತುಂಬಿ ಕಾಣುವುದಿಲ್ಲ. ಅಡ್ಡಿಯಿಲ್ಲ. ಮಿಲ್ಲಿನಲ್ಲಿ ತೊಗರಿಬೇಳೆಯ ನುಚ್ಚನ್ನು ಕೇಳಿ ನೋಡಿ, ಇಡೀ ಬೇಳೆಗಿಂತ ಅಗ್ಗ, ಬೇಗ ಬೇಯುತ್ತದೆ, ಸಾರಿಗೆ ಏನೂ ಕಡಿಮೆಯಿಲ್ಲ. ಕಲ್ಲು-ಸಿಪ್ಪೆ ಜರಡಿ ಹಿಡಿದು ತೆಗೆಯಬೇಕು, ಅಷ್ಟೇ.

ಮೂರು ಜಿಲ್ಲೆ ಒಟ್ಟಿಗೆ ಯೋಚಿಸಿದರೆ ನಮ್ಮಲ್ಲಿ ಇಲ್ಲದ್ದು ಏನಿದೆ? ವಿಜಯಪುರದ ತೊಗರಿ ಡಿಸೆಂಬರ್-ಜನವರಿಗೆ ಮಾರುಕಟ್ಟೆಗೆ ಬರುತ್ತದೆ, ಬಿಳಿ ಜೋಳ ಫೆಬ್ರವರಿ-ಮಾರ್ಚಿಗೆ ಬರುತ್ತದೆ. ಮಹಾಲಿಂಗಪುರದ ಬೆಲ್ಲ ಕಬ್ಬಿನ ಹಂಗಾಮಿನಲ್ಲಿ, ಬೆಳಗಾವಿಯ ತರಕಾರಿ ವರ್ಷವಿಡೀ. ಉಳ್ಳಾಗಡ್ಡಿ ದರ ಬಿದ್ದು ರೈತರು ರಸ್ತೆಗೆ ಸುರಿಯುವ ದಿನಗಳಲ್ಲಿ ಹೊಲಕ್ಕೇ ಗಾಡಿ ಕಳಿಸಿ, ದರ ಕೊಟ್ಟು ತರಬಹುದು. ಕಾಳು-ಕಡಿ ಅಗ್ಗ ಇದ್ದಾಗ ಕೊಂಡಿಟ್ಟರೆ ಜುಲೈ-ಆಗಸ್ಟ್‌ಗೆ ಆಗುತ್ತದೆ. ಹಳೆಯ ಜೋಳ ಮುಗಿದು, ಹೊಸ ಬೆಳೆ ಕೈಗೆ ಬಾರದ, ಕೂಲಿ ಕಡಿಮೆಯಾದ ತಿಂಗಳುಗಳು ಅವು. ಹಿಂದೆ ನಮ್ಮ ಊರುಗಳಲ್ಲಿ ಹಗೇವು ತೋಡಿ ಜೋಳ ತುಂಬಿಡುತ್ತಿದ್ದದ್ದು ಇಂಥ ದಿನಗಳಿಗೇ. ಕಿಟ್ ಕೊಡುವ ದಿನ ಪ್ರತಿ ತಿಂಗಳೂ ಒಂದೇ ಇರಲಿ, 20ನೇ ತಾರೀಖಿನ ನಂತರ ಇರಲಿ, ಮನೆಗೇ ಹೋಗಲಿ. 12 ಕೆಜಿ ಹೊತ್ತು ನಡೆಯಲು ಎಪ್ಪತ್ತರ ಆಯಿಗೆ ಆಗುವುದಿಲ್ಲ. ಚೀಲದ ಮೇಲೆ ಯಾರ ಹೆಸರೂ ಬೇಡ. ಹಂಚುವವರ ಹತ್ತಿರ ಕೊಕ್ಕೆ ತಕ್ಕಡಿ ಇರಲಿ, ಬಾಗಿಲಲ್ಲೇ ತೂಗಿ ತೋರಿಸಿ ಕೊಡಲಿ.

ಶ್ರಾವಣ ಇನ್ನೂ ಮುಗಿದಿಲ್ಲ. ಮುಂದಿನ ಸೋಮವಾರಕ್ಕೆ ಯಾರಾದರೂ ಟೆಂಪೋ ತುಂಬಿಸುವುದಿದ್ದರೆ, ನಿಮ್ಮ ಊರಿನ ಫುಡ್ ಬ್ಯಾಂಕಿಗೆ ಇವತ್ತೇ ಫೋನ್ ಮಾಡಿ ಕೇಳಿ. ಬಹುಶಃ ಹೇಳುವುದು ಇಷ್ಟು: ತೊಗರಿಬೇಳೆ, ಹೆಸರುಬೇಳೆ, ಒಂದು ಲೀಟರಿನ ಎಣ್ಣೆ ಪಾಕೀಟು, ಬಿಳಿ ಜೋಳ.